ಎರಡು ಗುಂಡುಗಳ ನಡುವಿನ ಹೊತ್ತು

ಕಳೆದ ದಸರಾ ರಜೆ ಮುಗಿದು ಶಾಲೆ ಶುರುವಾದ ವಾರ, ಒಂಬತ್ತನೇ ತರಗತಿಯ ಹುಡುಗನೊಬ್ಬನ ನೋಟ್‌ಬುಕ್ಕಿನ ಕೊನೆಯ ಹಾಳೆಯನ್ನು ನಾನು ಹರಿದುಹಾಕಿದೆ. ಹಾಳೆಯ ತುಂಬ ಒಂದು ರೈಫಲ್ಲಿನ ಚಿತ್ರವಿತ್ತು. ಹೊರಗಿನ ಚಿತ್ರವಲ್ಲ, ಹಲಸಿನಹಣ್ಣನ್ನು ಉದ್ದಕ್ಕೆ ಸೀಳಿದರೆ ಒಳಗಿನದೆಲ್ಲ ಕಾಣುವಂತೆ ನಳಿಗೆ, ಸ್ಪ್ರಿಂಗು, ಬೋಲ್ಟು ಎಲ್ಲ ಕಾಣುವ ಚಿತ್ರ. ಪೀಣ್ಯದ ಆಸುಪಾಸಿನ ನಮ್ಮ ಶಾಲೆಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಕಾರ್ಖಾನೆ ಕೆಲಸಗಾರರ ಮನೆಯವರು. ಲೇತು, ಡ್ರಿಲ್ಲಿಂಗು, ಪ್ಲೇಟಿಂಗು ಎಂಬ ಮಾತುಗಳು ಅವರಿಗೆ ರಾತ್ರಿಯ ಊಟದ ಜೊತೆಗೇ ಬಡಿಸಲ್ಪಡುತ್ತವೆ. ಹಾಗಾಗಿ ಚಿತ್ರ ಚೆನ್ನಾಗಿಯೇ ಇತ್ತು. ನನ್ನ ಕೈಗೆ ಸಿಕ್ಕಾಗ ಹುಡುಗ ಹೆದರಲಿಲ್ಲ. ಬದಲಿಗೆ ಪ್ರಶ್ನೆ ಕೇಳಿದ.

"ಸಾರ್, ಎನ್‌ಸಿಸಿ ಕ್ಯಾಂಪಲ್ಲಿ ನಾವು ಹೊಡೆದ ರೈಫಲ್ಲಿಗೆ ಪ್ರತಿಸಲ ಬೋಲ್ಟ್ ಎಳೀಬೇಕಿತ್ತು. ಇನ್ನೊಂದು ಥರದ್ದು ಇದೆಯಂತೆ, ಅದು ತಾನೇ ಹಿಂದಕ್ಕೆ ಹೋಗಿ ಬರುತ್ತಂತೆ. ಹಾಗಾದ್ರೆ ಗುಂಡು ನಳಿಗೆ ಬಿಟ್ಟು ಹೋಗೋ ಮೊದಲೇ ಅದು ಯಾಕೆ ತೆರೆದುಕೊಳ್ಳಲ್ಲ? ಬೆಂಕಿ ಮುಖಕ್ಕೆ ಬರಲ್ವಾ?"

"ಓದೋದು ಬಿಟ್ಟು ಮೊಬೈಲಲ್ಲಿ ಬಂದೂಕಿನ ಆಟ ಆಡಿ ಆಡಿ ತಲೆ ಕೆಡಿಸ್ಕೊಂಡಿದ್ದೀಯ" ಎಂದೆ. ಹಾಳೆಯನ್ನು ನಾಲ್ಕು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದೆ. ತರಗತಿ ಗಪ್‌ಚಿಪ್ಪಾಯಿತು. ಮೇಷ್ಟ್ರಿಗೆ ಸಿಟ್ಟು ಬಂದಿದೆ ಎಂದು ಮಕ್ಕಳು ತಿಳಿದರು. ತಂದೆತಾಯಿಗಳು ಕೇಳಿದ್ದರೂ ನನ್ನನ್ನೇ ಮೆಚ್ಚುತ್ತಿದ್ದರೇನೋ. ನಿಜ ಹೇಳಬೇಕೆಂದರೆ ಬಿ.ಎಸ್ಸಿ. ಓದಿ, ಬಿ.ಎಡ್. ಮಾಡಿ, ಮೂವತ್ತು ವರ್ಷ ನ್ಯೂಟನ್ನನ ಮೂರನೇ ನಿಯಮ ಪಾಠ ಮಾಡಿದ ನನಗೆ ಅವನ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ.

ಇನ್ನೂ ಒಂದು ಕಾರಣವಿತ್ತು. ಅದು 1986ರದು. ಅದನ್ನು ಮುಂದೆ ಹೇಳುತ್ತೇನೆ.

ಒಂಬತ್ತನೇ ತರಗತಿಯ ಪುಸ್ತಕದಲ್ಲಿ ಬಂದೂಕಿನ ಲೆಕ್ಕವೊಂದನ್ನು ಎಷ್ಟು ಸಲ ಮಾಡಿಸಿದ್ದೇನೋ ಲೆಕ್ಕವಿಲ್ಲ. ನಾಲ್ಕು ಕಿಲೋ ತೂಕದ ರೈಫಲ್ಲಿನಿಂದ 50 ಗ್ರಾಂ ಗುಂಡು ಸೆಕೆಂಡಿಗೆ 35 ಮೀಟರ್ ವೇಗದಲ್ಲಿ ಹೊರಟರೆ ರೈಫಲ್ ಎಷ್ಟು ವೇಗದಲ್ಲಿ ಹಿಂದಕ್ಕೆ ಒದೆಯುತ್ತದೆ? ಇದು ಲೆಕ್ಕಕ್ಕಾಗಿ ಹುಟ್ಟಿದ ಬಂದೂಕು. ಅಷ್ಟು ದಪ್ಪನೆಯ ಗುಂಡು ಅಷ್ಟು ಸಾವಕಾಶವಾಗಿ ಹೋಗುವುದನ್ನು ನಾನೆಲ್ಲೂ ಕಂಡಿಲ್ಲ. ಆದರೂ ಸಂವೇಗ ಸಂರಕ್ಷಣೆ ಕಲಿಸುವುದಕ್ಕೆ ಸಾಕು. ಹುಡುಗ ಕೇಳಿದ್ದು ಇದೇ ನಿಯಮವನ್ನು, ಇನ್ನೊಂದು ಮೆಟ್ಟಿಲು ಕೆಳಗಿಳಿದು. ಅಂದು ರಾತ್ರಿ ನಿದ್ದೆ ಬಾರದೆ ಕಾಗದ ಪೆನ್ಸಿಲ್ ಹಿಡಿದು ಕೂತೆ.

ನನಗೆ ಬಂದೂಕು ಹೊಸತಲ್ಲ. ನಾನು ಹುಟ್ಟಿದ್ದು ಮಲೆನಾಡಿನ ಅಂಚಿನ ಹಳ್ಳಿಯಲ್ಲಿ. ಅಜ್ಜನ ಬಳಿ ಬೆಳೆ ರಕ್ಷಣೆಯ ಲೈಸನ್ಸಿನ ಒಂದು ಕೇಪಿನ ಕೋವಿಯಿತ್ತು. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ರಸೀತಿ ತರಬೇಕು. ಫಲಿತಾಂಶ ಬಂದ ಮೇಲೆ ಹೋಗಿ ಬಿಡಿಸಿಕೊಂಡು ಬರಬೇಕು. ಆ ಎರಡು ಮೂರು ವಾರ ಕಾಡುಹಂದಿಗಳಿಗೆ ಹಬ್ಬ. ಆ ಕೋವಿಗೆ ಈಡು ತುಂಬುವುದೇ ಒಂದು ಸಂಭ್ರಮ. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ಮೇಲೆ ತೆಂಗಿನ ನಾರು ತುರುಕಬೇಕು, ಗಜ ಹಾಕಿ ಜಡಿಯಬೇಕು, ಆಮೇಲೆ ಚರೆ, ಮತ್ತೆ ನಾರು, ಮತ್ತೆ ಗಜ. ಎಲ್ಲ ಮುಗಿದ ಮೇಲೆ ಹಿಂದಿನ ಮೊಲೆಗೆ ತಾಮ್ರದ ಪುಟ್ಟ ಕೇಪು ತೊಡಿಸಬೇಕು. ಸುತ್ತಿಗೆ ಬಿದ್ದಾಗ ಕೇಪಿನ ಒಳಗಿನ ಮಸಾಲೆ ಕಿಡಿ ಕಾರಿ ಮದ್ದಿಗೆ ಬೆಂಕಿ ಮುಟ್ಟಿಸುತ್ತದೆ. ಒಂದು ಈಡು ತಪ್ಪಿದರೆ ಇನ್ನೊಂದು ತುಂಬುವಷ್ಟರಲ್ಲಿ ಹಂದಿ ಪಕ್ಕದ ಊರಿನ ಗದ್ದೆಯಲ್ಲಿರುತ್ತಿತ್ತು.

ಈ ಕೇಪಿನಲ್ಲೇ ನಮ್ಮ ಕಥೆಯ ಬೀಜವಿದೆ. 1845ರಲ್ಲಿ ಫ್ರಾನ್ಸಿನ ಲೂಯಿ ಫ್ಲೋಬೇರ್ ಎಂಬ ಬಂದೂಕು ತಯಾರಕ ಒಂದು ತಮಾಷೆ ಮಾಡಿದ. ಕೇಪಿನ ಬಾಯಿಗೇ ಸೀಸದ ಸಣ್ಣ ಗುಂಡೊಂದನ್ನು ಕೂರಿಸಿಬಿಟ್ಟ. ಮದ್ದಿಲ್ಲ, ನಾರಿಲ್ಲ. ಕೇಪಿನ ಸಿಡಿತವೇ ಗುಂಡನ್ನು ದೂಡುತ್ತಿತ್ತು. ಶ್ರೀಮಂತರು ಮನೆಯ ಹಜಾರದಲ್ಲಿ ಗುರಿಯಾಟ ಆಡಲು ಅಷ್ಟು ಸಾಕಾಗಿತ್ತು. 1857ರಲ್ಲಿ, ಇಲ್ಲಿ ಸಿಪಾಯಿಗಳು ತೋಟೆಯ ಕಾಗದವನ್ನು ಹಲ್ಲಿನಿಂದ ಕಚ್ಚಿ ಹರಿಯುವ ವಿಷಯಕ್ಕೆ ದಂಗೆಯೆದ್ದ ಅದೇ ವರ್ಷ, ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ ಅದೇ ಕೇಪನ್ನು ಸ್ವಲ್ಪ ಉದ್ದ ಮಾಡಿ, ಒಳಗೆ ಮದ್ದನ್ನೂ ತುಂಬಿ, .22 ಶಾರ್ಟ್ ಎಂಬ ಲೋಹದ ತೋಟೆಯನ್ನು ಮಾರುಕಟ್ಟೆಗೆ ತಂದಿತು. .22 ಎಂದರೆ ಅಂಗುಲದ ನೂರರಲ್ಲಿ ಇಪ್ಪತ್ತೆರಡು ಪಾಲು, ನಮ್ಮ ಲೆಕ್ಕದಲ್ಲಿ ಸುಮಾರು ಐದೂವರೆ ಮಿಲಿಮೀಟರ್. 1887ರಲ್ಲಿ ಸ್ಟೀವನ್ಸ್ ಕಂಪನಿ ತಂದ .22 ಲಾಂಗ್ ರೈಫಲ್ ತೋಟೆ ಇಂದಿಗೂ ನಡೆಯುತ್ತಿದೆ. ಎನ್‌ಸಿಸಿ ಮಕ್ಕಳು ಹೊಡೆಯುವುದು ಇದನ್ನೇ. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದ ದಿನಗಳಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳಲ್ಲಿ ಒಂದು ವಿಭಾಗ ಇದರದ್ದೇ.

ಈ ತೋಟೆಯನ್ನು ರಿಮ್‌ಫೈರ್ ಎನ್ನುತ್ತಾರೆ. ಅಂಚಿನಲ್ಲಿ ಹೊತ್ತಿಕೊಳ್ಳುವುದು ಎಂದು ಅರ್ಥ. ಹಿತ್ತಾಳೆಯ ಪುಟ್ಟ ಕೊಳವೆಯ ಬುಡದಲ್ಲಿ ಲೋಟದ ಅಂಚಿನಂತೆ ಹೊರಕ್ಕೆ ಮಡಿಸಿದ ಸುತ್ತು ಇರುತ್ತದೆ. ಆ ಮಡಿಕೆ ಒಳಗೆ ಟೊಳ್ಳು. ತಟ್ಟಿದರೆ ಸಿಡಿಯುವ ಮಸಾಲೆಯನ್ನು ಒದ್ದೆಯಾಗಿರುವಾಗಲೇ ಕೊಳವೆಯೊಳಕ್ಕೆ ಹಾಕಿ ಗಿರ್ರನೆ ತಿರುಗಿಸುತ್ತಾರೆ. ಮೊಸರು ಕಡೆಯುವಾಗ ಗಡಿಗೆಯ ಅಂಚಿಗೆ ಮಜ್ಜಿಗೆ ಏರುವಂತೆ ಮಸಾಲೆ ಅಂಚಿನ ಟೊಳ್ಳಿಗೆ ಹೋಗಿ ಕೂರುತ್ತದೆ. ಮೇಲೆ ಮದ್ದು, ಬಾಯಿಗೆ ಸೀಸದ ಗುಂಡು. ರೈಫಲ್ಲಿನ ಮೊಳೆ ಬಂದು ಅಂಚನ್ನು ಜಜ್ಜಿದರೆ ಬೆಂಕಿ. ದೊಡ್ಡ ಬಂದೂಕುಗಳ ತೋಟೆಯಲ್ಲಿ ಮಸಾಲೆ ಬುಡದ ನಟ್ಟನಡುವೆ ಬೇರೆಯೇ ಒಂದು ಬಟ್ಟಲಿನಲ್ಲಿರುತ್ತದೆ. ಖಾಲಿ ಕೊಳವೆಗೆ ಹೊಸ ಬಟ್ಟಲು ಹಾಕಿ ಮತ್ತೆ ತುಂಬಬಹುದು. ರಿಮ್‌ಫೈರ್ ತೋಟೆ ಒಂದು ಸಲಕ್ಕೆ ಮುಗಿಯಿತು.

ಇದರಲ್ಲಿ ಎರಡು ಕುಂದುಗಳಿವೆ. ಮಸಾಲೆ ಅಂಚಿನಲ್ಲೆಲ್ಲ ಸಮನಾಗಿ ಹರಡದಿದ್ದರೆ ಮೊಳೆ ಬಿದ್ದ ಜಾಗದಲ್ಲಿ ಮಸಾಲೆಯೇ ಇಲ್ಲದೆ ಟುಸ್ಸೆನ್ನುತ್ತದೆ. ಇನ್ನೊಂದು, ಅಂಚು ಜಜ್ಜಲು ಬರುವಷ್ಟು ತೆಳ್ಳಗಿರಬೇಕು. ತೆಳ್ಳಗಿದ್ದ ಮೇಲೆ ಒಳಗಿನ ಒತ್ತಡ ಹೆಚ್ಚಾಗುವಂತಿಲ್ಲ. ಹಾಗಾಗಿ ರಿಮ್‌ಫೈರ್ ಯಾವಾಗಲೂ ಸಣ್ಣ ಶಕ್ತಿಯದು. ತಮಾಷೆಯೆಂದರೆ, ಈ ಬಡತನವೇ ಮುಂದೆ ಅದರ ಭಾಗ್ಯವಾಯಿತು.

ಬಂದೂಕು ಹಿಂದಕ್ಕೆ ಒದೆಯುವ ಶಕ್ತಿ ಸುಮ್ಮನೆ ಭುಜ ನೋಯಿಸಿ ಹಾಳಾಗುತ್ತದಲ್ಲ, ಅದರಿಂದಲೇ ಮುಂದಿನ ತೋಟೆ ತುಂಬಿಸಿಕೊಂಡರೆ ಹೇಗೆ ಎಂಬ ಯೋಚನೆ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹಲವರ ತಲೆಗೆ ಬಂತು. 1884ರಲ್ಲಿ ಹಿರಾಮ್ ಮ್ಯಾಕ್ಸಿಮ್ ಅದರಿಂದ ಮೆಷಿನ್‌ಗನ್ನನ್ನೇ ಮಾಡಿದ. ಅದು ಏನೇನು ಮಾಡಿತೆಂದು ಚರಿತ್ರೆ ಪುಸ್ತಕಗಳಲ್ಲಿದೆ. .22ಕ್ಕೆ ಆ ಯೋಚನೆ ಇಳಿದದ್ದು 1903ರಲ್ಲಿ. ವಿಂಚೆಸ್ಟರ್ ಕಂಪನಿಗಾಗಿ ಟಿ.ಸಿ. ಜಾನ್ಸನ್ ಎಂಬ ವಿನ್ಯಾಸಗಾರ ರೂಪಿಸಿದ ರೈಫಲ್ಲು ಟ್ರಿಗರ್ ಒತ್ತಿದಾಗೊಮ್ಮೆ ಒಂದು ಗುಂಡು ಹಾರಿಸಿ, ಖಾಲಿ ಕೊಳವೆಯನ್ನು ಹೊರಕ್ಕೆ ಉಗಿದು, ಹೊಸ ತೋಟೆಯನ್ನು ತಾನೇ ನುಂಗಿ ಸಿದ್ಧವಾಗಿ ಕೂರುತ್ತಿತ್ತು. ಮತ್ತೆ ಹಾರಬೇಕಾದರೆ ಬೆರಳು ಬಿಟ್ಟು ಮತ್ತೆ ಒತ್ತಬೇಕು. ಇದನ್ನೇ ಅರೆ-ಸ್ವಯಂಚಾಲಿತ ಎನ್ನುವುದು. ಒತ್ತಿ ಹಿಡಿದರೆ ಸುರಿಯುತ್ತಲೇ ಇರುವುದು ಪೂರ್ಣ ಸ್ವಯಂಚಾಲಿತ. ಆಗಿನ ಸಾಮಾನ್ಯ .22 ತೋಟೆಗಳಲ್ಲಿ ಕರಿಮದ್ದು ಇನ್ನೂ ಚಾಲ್ತಿಯಲ್ಲಿತ್ತು. ಅದರ ಮಸಿ ಇಂಥ ಸೂಕ್ಷ್ಮ ಯಂತ್ರವನ್ನು ಬೇಗ ಕಟ್ಟಿಹಾಕುತ್ತದೆ. ಅದಕ್ಕೇ ವಿಂಚೆಸ್ಟರ್‌ನವರು ಹೊಗೆಯಿಲ್ಲದ ಮದ್ದಿನ ಬೇರೆಯೇ ಅಳತೆಯ ತೋಟೆ ಮಾಡಿದರು. ಕರಿಮದ್ದಿನದು ಅದರಲ್ಲಿ ಕೂರುತ್ತಲೇ ಇರಲಿಲ್ಲ. ಜನ ತಪ್ಪು ಮಾಡುತ್ತಾರೆಂದು ಮೊದಲೇ ತಿಳಿದು ತಪ್ಪಿಗೆ ದಾರಿಯನ್ನೇ ಮುಚ್ಚಿದ ಈ ಜಾಣತನ ನನಗೆ ಬಹಳ ಹಿಡಿಸಿತು.

1914ರಲ್ಲಿ ಬೆಲ್ಜಿಯಮ್ಮಿನ ಎಫ್.ಎನ್. ಕಾರ್ಖಾನೆ ಜಾನ್ ಬ್ರೌನಿಂಗ್ ರೂಪಿಸಿದ .22 ರೈಫಲ್ಲನ್ನು ತಯಾರಿಸತೊಡಗಿತು. ಅದು ಎರಡು ತುಂಡಾಗಿ ಬಿಚ್ಚಿಕೊಳ್ಳುತ್ತದೆ. ತೋಟೆಗಳು ಹಿಂದಿನ ಮರದ ದಿಮ್ಮಿಯೊಳಗಿನ ಕೊಳವೆಯಲ್ಲಿ ಸಾಲಾಗಿರುತ್ತವೆ. ಖಾಲಿ ಕೊಳವೆ ಕೆಳಕ್ಕೆ ಬೀಳುತ್ತದೆ. 1959ರಲ್ಲಿ ರೆಮಿಂಗ್ಟನ್ ಕಂಪನಿ ಮರದ ಬದಲು ನೈಲಾನ್ ಬಳಸಿ ಒಂದನ್ನು ಮಾಡಿತು. ಮರುವರ್ಷ ಮಾರ್ಲಿನ್‌ನವರದು ಬಂತು. ಎಲ್ಲಕ್ಕಿಂತ ಹೆಸರಾದದ್ದು 1964ರ ರೂಗರ್ 10/22. ಹತ್ತು ತೋಟೆ, .22 ಅಳತೆ, ಹೆಸರಿನಲ್ಲೇ ಎಲ್ಲ ಇದೆ. ಈವರೆಗೆ ಲಕ್ಷಗಟ್ಟಲೆ ಅಲ್ಲ, ಹತ್ತಾರು ಲಕ್ಷಗಳ ಲೆಕ್ಕದಲ್ಲಿ ಮಾರಾಟವಾಗಿದೆ. ಅಮೆರಿಕದ ಹಳ್ಳಿಗಳ ಎಷ್ಟೋ ಮಕ್ಕಳು ಮೊದಲು ಗುರಿಯಿಡುವುದು ಇದರಿಂದಲೇ.

ಈಗ ಹುಡುಗನ ಪ್ರಶ್ನೆಗೆ ಬರೋಣ. ಈ ರೈಫಲ್ಲುಗಳಲ್ಲಿ ನಳಿಗೆಯ ಹಿಂಬಾಗಿಲನ್ನು ಮುಚ್ಚಿರುವುದು ಬೋಲ್ಟ್ ಎಂಬ ಉಕ್ಕಿನ ದಿಂಡು. ಎನ್‌ಸಿಸಿ ರೈಫಲ್ಲಿನಲ್ಲಿ ಬೋಲ್ಟಿನ ಹಿಡಿಯನ್ನು ಕೆಳಗೆ ತಿರುಗಿಸಿದರೆ ಬಾಗಿಲಿಗೆ ಅಗುಳಿ ಬೀಳುತ್ತದೆ. ಅರೆ-ಸ್ವಯಂಚಾಲಿತ .22ರಲ್ಲಿ ಅಗುಳಿಯೇ ಇಲ್ಲ! ಬಾಗಿಲನ್ನು ಹಿಂದಿನಿಂದ ಒಂದು ಸ್ಪ್ರಿಂಗು ಒತ್ತಿ ಹಿಡಿದಿದೆ, ಅಷ್ಟೆ. ಹಾಗಾದರೆ ಬೆಂಕಿ ಮುಖಕ್ಕೆ ಬರದಂತೆ ತಡೆಯುವುದು ಯಾವುದು? ಸ್ಪ್ರಿಂಗಲ್ಲ. ಬೋಲ್ಟಿನ ತೂಕ. ಜಡತ್ವ.

ಲೆಕ್ಕ ಹೀಗೆ. .22 ಗುಂಡಿನ ತೂಕ ಸುಮಾರು 2.6 ಗ್ರಾಂ. ನಳಿಗೆಯ ಉದ್ದ 47 ಸೆಂಟಿಮೀಟರ್ ಎನ್ನಿ, ರೂಗರ್‌ನದು ಹೆಚ್ಚುಕಡಿಮೆ ಅಷ್ಟಿರುತ್ತದೆ. ಬೋಲ್ಟಿನ ತೂಕ 200 ಗ್ರಾಂ ಎಂದಿಟ್ಟುಕೊಳ್ಳಿ. ಒಳಗಿನ ಅನಿಲ ಗುಂಡನ್ನು ಮುಂದಕ್ಕೂ ಬೋಲ್ಟನ್ನು ಹಿಂದಕ್ಕೂ ಒಂದೇ ಬಲದಿಂದ ಒಂದೇ ಹೊತ್ತು ದೂಡುತ್ತದೆ. ತೆಪ್ಪದಿಂದ ದಡಕ್ಕೆ ಹಾರಿದವನು ಮುಂದೆ, ತೆಪ್ಪ ಹಿಂದೆ, ಆದರೆ ಭಾರದ ತೆಪ್ಪ ಸ್ವಲ್ಪವೇ. ಗುಂಡು 47 ಸೆಂಟಿಮೀಟರ್ ಹೋಗುವಷ್ಟರಲ್ಲಿ ಬೋಲ್ಟ್ ಹೋಗುವ ದೂರ 47ನ್ನು 2.6ರಿಂದ ಗುಣಿಸಿ 200ರಿಂದ ಭಾಗಿಸಿದಷ್ಟು. ಅಂದರೆ 6 ಮಿಲಿಮೀಟರ್! ತೋಟೆಯ ಕೊಳವೆಯ ಉದ್ದ 15 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಹಾಗಾಗಿ ಗುಂಡು ಹೊರಬಿದ್ದು ಒತ್ತಡ ಇಳಿಯುವ ಹೊತ್ತಿಗೆ ಕೊಳವೆಯ ಅರ್ಧಕ್ಕಿಂತ ಹೆಚ್ಚು ಭಾಗ ಇನ್ನೂ ನಳಿಗೆಯ ಒಳಗೇ ಇರುತ್ತದೆ. ನಿಜದಲ್ಲಿ ಘರ್ಷಣೆ, ಸ್ಪ್ರಿಂಗಿನ ತಡೆ, ಸುತ್ತಿಗೆಯನ್ನು ಹಿಂದಕ್ಕೆ ಮಣಿಸುವ ಕೆಲಸ ಎಲ್ಲ ಸೇರಿ ಬೋಲ್ಟ್ ಅಷ್ಟೂ ಸರಿಯುವುದಿಲ್ಲ. ಇದೆಲ್ಲ ನಡೆಯುವುದು ಸೆಕೆಂಡಿನ ಐನೂರನೇ ಒಂದು ಪಾಲಿನಷ್ಟು ಹೊತ್ತಿನಲ್ಲಿ. ಗುಂಡು ಹೋದ ಮೇಲೂ ಬೋಲ್ಟಿಗೆ ಸಿಕ್ಕ ವೇಗ ಉಳಿದಿರುತ್ತದೆ. ಅದು ಹಿಂದಕ್ಕೆ ಓಡಿ, ಖಾಲಿ ಕೊಳವೆಯನ್ನು ಎಳೆದು ಎಸೆದು, ಸ್ಪ್ರಿಂಗನ್ನು ಅದುಮಿ ನಿಲ್ಲುತ್ತದೆ. ಸ್ಪ್ರಿಂಗು ಅದನ್ನು ಮುಂದಕ್ಕೆ ದೂಡುವಾಗ ದಾರಿಯಲ್ಲಿ ಸಿಕ್ಕ ಹೊಸ ತೋಟೆಯನ್ನು ನಳಿಗೆಗೆ ಸೇರಿಸುತ್ತದೆ. ಇದಕ್ಕೆ ಬ್ಲೋಬ್ಯಾಕ್ ಎಂದು ಹೆಸರು.

ಸಣ್ಣ ಶಕ್ತಿಯ ತೋಟೆ ಭಾಗ್ಯವಾಯಿತು ಎಂದದ್ದು ಇದಕ್ಕೇ. ನಮ್ಮ ಸೈನ್ಯ ದಶಕಗಳ ಕಾಲ ಬಳಸಿದ, ಇಷಾಪುರದ ಕಾರ್ಖಾನೆಯಲ್ಲಿ ತಯಾರಾದ 7.62 ಎಸ್‌ಎಲ್‌ಆರ್ ರೈಫಲ್ಲಿನ ಗುಂಡಿಗೆ .22ರ ಒಂಬತ್ತು ಪಟ್ಟು ಸಂವೇಗ. ಅಲ್ಲಿ ಬರೀ ತೂಕವನ್ನು ನಂಬಿದರೆ ಸೈನಿಕ ಗುಂಡುಕಲ್ಲಿನಂಥ ಬೋಲ್ಟ್ ಹೊತ್ತು ತಿರುಗಬೇಕು. ಆದ್ದರಿಂದ ಅದರಲ್ಲಿ ಅಗುಳಿಯಿದೆ. ಗುಂಡಿನ ಹಿಂದಿನ ಅನಿಲವನ್ನು ನಳಿಗೆಯ ತೂತಿನಿಂದ ಸ್ವಲ್ಪ ಕದ್ದು, ಒಂದು ದಂಡವನ್ನು ದೂಡಿ, ಆ ಅಗುಳಿಯನ್ನು ತೆಗೆಸುತ್ತಾರೆ.

ಬೆಳಗಿನ ಜಾವ ಈ 6 ಮಿಲಿಮೀಟರ್ ಉತ್ತರ ಬಂದಾಗ ನನಗಾದ ಸಂತೋಷ ಹೇಳತೀರದು. ಕೂಡಲೇ ಕಸದ ಬುಟ್ಟಿ ನೆನಪಾಯಿತು.

ಮಾರನೆಯ ದಿನ ಹುಡುಗ ಬರಲಿಲ್ಲ, ಅವನ ಅಪ್ಪ ಬಂದರು. ರಾಣೆಬೆನ್ನೂರು ಕಡೆಯವರು. ಪೀಣ್ಯದ ಎರಡನೇ ಹಂತದ ಒಂದು ಸಣ್ಣ ಶೆಡ್ಡಿನಲ್ಲಿ ಸ್ಪ್ರಿಂಗ್ ಸುತ್ತುವ ಮಷೀನು ನೋಡಿಕೊಳ್ಳುತ್ತಾರಂತೆ. ಜಗಳಕ್ಕೆ ಬಂದರೇನೋ ಎಂದುಕೊಂಡೆ. ಅವರು ಕೈಮುಗಿದು ನಿಂತರು.

"ತಪ್ಪು ತಿಳಕೋಬ್ಯಾಡ್ರಿ ಸರ. ಆ ಚಿತ್ರದಾಗ ಸ್ಪ್ರಿಂಗಿನ ಭಾಗ ನಾನೇ ತೋರಿಸಿಕೊಟ್ಟಿದ್ದೆ. ಹುಡುಗಂದು ತಪ್ಪಿಲ್ರಿ."

ನಾನು ಅವರನ್ನು ಕೂರಿಸಿ ಚಹಾ ತರಿಸಿದೆ. ಅರ್ಧ ಗಂಟೆ ಅವರು ಸ್ಪ್ರಿಂಗಿನ ಪಾಠ ಮಾಡಿದರು. ತಂತಿ ಸುತ್ತುವುದು ದೊಡ್ಡ ಮಾತಲ್ಲ. ಸುತ್ತಿದ ಮೇಲೆ ಒಲೆಯಲ್ಲಿಟ್ಟು ಅದರ ಒಳಗಿನ ಬಿಗಿ ಇಳಿಸಬೇಕು. ತುದಿಗಳನ್ನು ಸಾಣೆ ಹಿಡಿದು ಸಮ ಮಾಡಬೇಕು. "ಒತ್ತಿದ್ರ ಎಲ್ಲಾ ಸ್ಪ್ರಿಂಗೂ ಹೊಳ್ಳಿ ಬರ್ತಾವ್ರಿ. ಹತ್ತು ಸಾವಿರ ಸಲ ಒತ್ತಿದ ಮ್ಯಾಲೂ ಅಷ್ಟೇ ಉದ್ದ ನಿಂತ್ರ ಅದಕ್ಕ ಸ್ಪ್ರಿಂಗ್ ಅನ್ನಬೇಕು" ಎಂದರು. ಹುಕ್ಕನ ನಿಯಮವನ್ನು ನಾನು ಇಷ್ಟು ಚೆನ್ನಾಗಿ ಯಾವತ್ತೂ ಹೇಳಿಲ್ಲ. ಬೆಂಗಳೂರಿನಲ್ಲೇ ಸ್ಪ್ರಿಂಗಿಗೆ ಹೆಸರಾದ ಸ್ಟಂಪ್ ಶೂಲೆ ಅಂಡ್ ಸೋಮಪ್ಪ ಬಳಗ ಎಸ್‌ಎಸ್‌ಎಸ್ ಡಿಫೆನ್ಸ್ ಎಂಬ ಕಂಪನಿ ಮಾಡಿ ಈಗ ಸೈನ್ಯಗಳಿಗೆ ಬೇಕಾದ ರೈಫಲ್ಲನ್ನೇ ತಯಾರಿಸುತ್ತಿದೆ. ಸ್ಪ್ರಿಂಗಿನವರಿಗೆ ರೈಫಲ್ ದೂರವಲ್ಲ ಎಂಬುದು ಅವರಿಂದಲೇ ನನಗೆ ತಿಳಿದದ್ದು. ಹೊರಡುವಾಗ ಅವರು ದನಿ ತಗ್ಗಿಸಿ, "ಮಗನಿಗೆ ಹೇಳೇನ್ರಿ ಸರ, ಹಾಳಿ ಮ್ಯಾಲ ಎಷ್ಟರ ಬರಿ, ಲೇತ್ ಮ್ಯಾಲ ಏರಿಸಿದ್ರ ನಾನೇ ಪೊಲೀಸರಿಗೆ ಕೊಡ್ತೀನಿ ಅಂತ" ಎಂದರು. ಮಾತು ನಿಜ. 1959ರ ಆಯುಧ ಕಾಯ್ದೆಯಲ್ಲಿ ಪರವಾನಗಿಯಿಲ್ಲದೆ ಬಂದೂಕು ಇಟ್ಟುಕೊಳ್ಳುವುದೂ ಅಪರಾಧ, ತಯಾರಿಸುವುದಂತೂ ಇನ್ನೂ ದೊಡ್ಡ ಅಪರಾಧ. ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಕೆಲವು ಬಗೆಯ ಕೋವಿಗಳಿಗೆ ಪರವಾನಗಿಯ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು. ಅದೂ ಇಟ್ಟುಕೊಳ್ಳಲು, ಮಾಡಲು ಅಲ್ಲ.

ಅವರು ಹೋದ ಮೇಲೆ ಇನ್ನೊಂದು ಸಾಲ ಬಾಕಿ ಉಳಿಯಿತು. ಮೇಲೆ ಹೇಳಿದ 1986.

ಆಗ ನಾನು ಹೈಸ್ಕೂಲಿನ ಎನ್‌ಸಿಸಿ ಕೆಡೆಟ್. ಕ್ಯಾಂಪಿನ ಕೊನೆಯ ದಿನ ಫೈರಿಂಗ್. 25 ಮೀಟರ್ ದೂರದ ಗುರಿಹಲಗೆ, ತಲಾ ಐದು ತೋಟೆ. ನೆಲದ ಮೇಲೆ ಬೋರಲು ಮಲಗಿ ಸಾಲಾಗಿ ಹೊಡೆಯಬೇಕು. ನನ್ನ ಎಡಕ್ಕೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಗೆಳೆಯ. ಹವಾಲ್ದಾರರು 'ಫಾಯರ್' ಎಂದರು. ಮೊದಲ ಗುಂಡು ಹಾರಿತು. ಅಜ್ಜನ ಕೋವಿಯ ಸದ್ದು ಕೇಳಿ ಬೆಳೆದ ನನಗೆ ಇದು ಒಗ್ಗರಣೆಯ ಸಾಸಿವೆ ಸಿಡಿದಷ್ಟೇ ಎನಿಸಿತು. ಆದರೂ ನಾನೇ ಹೊಡೆದದ್ದು! ಹಲಗೆಯಲ್ಲಿ ತೂತು ಬಿದ್ದಂತೆ ಕಂಡಿತು. ಸಂಭ್ರಮದಲ್ಲಿ "ಬಿತ್ತು ಕಣೋ" ಎಂದು ಎಡಕ್ಕೆ ತಿರುಗಿದೆ. ರೈಫಲ್ಲೂ ನನ್ನ ಜೊತೆಗೇ ತಿರುಗಿತು. ಮರುಕ್ಷಣ ಹವಾಲ್ದಾರರ ಬೂಟು ನಳಿಗೆಯನ್ನು ನೆಲಕ್ಕೆ ಒತ್ತಿ ಹಿಡಿದಿತ್ತು. ಅವರು ಬಯ್ಯಲಿಲ್ಲ. ಹೊಡೆಯಲಿಲ್ಲ. ಬಗ್ಗಿ ನನ್ನ ಬಲಗೈಯ ಬೆರಳನ್ನು ಟ್ರಿಗರ್‌ನಿಂದ ಬಿಡಿಸಿದರು. ಬೆರಳು ಅದನ್ನು ಪೂರ್ತಿ ಹಿಂದಕ್ಕೆ ಎಳೆದು ಹಿಡಿದಿತ್ತು.

ಮೊದಲ ಗುಂಡಿಗೆ ಒತ್ತಿದ್ದನ್ನೇ ಬಿಟ್ಟಿರಲಿಲ್ಲವೋ, ತಿರುಗುವಾಗ ಮತ್ತೊಮ್ಮೆ ಒತ್ತಿದೆನೋ, ಇಂದಿಗೂ ನನಗೆ ಗೊತ್ತಿಲ್ಲ. ರೈಫಲ್ಲಿನ ಒಳಗಿದ್ದದ್ದು ಖಾಲಿ ಕೊಳವೆ. ನಾನು ಬೋಲ್ಟ್ ಎಳೆಯದೆ ಮುಂದಿನ ತೋಟೆ ಒಳಗೆ ಬರುವಂತಿರಲಿಲ್ಲ. ಅದೊಂದು ಅರೆ-ಸ್ವಯಂಚಾಲಿತ ಆಗಿದ್ದರೆ, ನನ್ನ ಮೊದಲ ಗುಂಡು ಹಲಗೆ ಮುಟ್ಟುವಷ್ಟರಲ್ಲಿ ಎರಡನೆಯದು ಬಾಗಿಲಲ್ಲಿ ಬಂದು ನಿಂತಿರುತ್ತಿತ್ತು. ನಳಿಗೆಯ ಬಾಯಿಗೂ ಗೆಳೆಯನ ಕಿವಿಗೂ ನಡುವೆ ಒಂದು ಮಾರು ದೂರ. ಅವನು ಇಂದು ಊರಿನಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾನೆ, ಯುಗಾದಿಗೆ ತಪ್ಪದೆ ಫೋನ್ ಮಾಡುತ್ತಾನೆ. ಈ ಪತ್ರಿಕೆ ಅವನ ಮನೆಗೂ ಬರುತ್ತದೆ. ಹಾಗಾಗಿ ನಲವತ್ತು ವರ್ಷ ಅವನಿಗೆ ಹೇಳದ್ದನ್ನು ಈಗ ಹೇಳಿದಂತಾಯಿತು.

ಬೋಲ್ಟ್ ಎಳೆಯುವುದೆಂದರೆ ಏನು? ಹಿಡಿಯನ್ನು ಮೇಲೆತ್ತಿ, ಹಿಂದಕ್ಕೆಳೆದು, ಮುಂದಕ್ಕೆ ದೂಡಿ, ಕೆಳಗೆ ತಿರುಗಿಸುವುದು. ಎರಡು ಮೂರು ಸೆಕೆಂಡಿನ ಕೆಲಸ. ಆಗ ಬೆರಳು ಟ್ರಿಗರ್ ಬಿಟ್ಟು ಬರಲೇಬೇಕು. ಮನಸ್ಸು 'ಇನ್ನೊಂದು ಹೊಡೆಯಲೇ' ಎಂದು ಒಂದು ಸಲವಾದರೂ ಕೇಳಿಕೊಳ್ಳಲೇಬೇಕು. 1903ರ ಜಾನ್ಸನ್ನನೂ 1914ರ ಬ್ರೌನಿಂಗನೂ ಆ ಸೆಕೆಂಡುಗಳನ್ನು ಒಂದು ಸ್ಪ್ರಿಂಗಿಗೂ ಒಂದು ಉಕ್ಕಿನ ದಿಂಡಿಗೂ ಒಪ್ಪಿಸಿಬಿಟ್ಟರು. ಯಂತ್ರವಾಗಿ ಅದು ಸೊಗಸು, ನಾನು ಅಲ್ಲಗಳೆಯುವುದಿಲ್ಲ. ಆದರೆ ಹದಿನೈದರ ಹುಡುಗನ ಕೈಗೆ ನಾನಂತೂ ಬೋಲ್ಟಿನದನ್ನೇ ಕೊಡುವೆ.

ದೇಶಗಳೂ ಈ ಸೆಕೆಂಡುಗಳ ಬೆಲೆಯನ್ನು ಬೇರೆ ಬೇರೆಯಾಗಿ ಕಟ್ಟಿವೆ. 1996ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಪೋರ್ಟ್ ಆರ್ಥರ್‌ನಲ್ಲಿ ಒಬ್ಬ ಮೂವತ್ತೈದು ಜನರನ್ನು ಕೊಂದ. ಅವನ ಕೈಯಲ್ಲಿದ್ದವು ದೊಡ್ಡ ತೋಟೆಯ ಅರೆ-ಸ್ವಯಂಚಾಲಿತ ರೈಫಲ್ಲುಗಳು. ಆದರೂ ಅಲ್ಲಿನ ಸರಕಾರ ಆ ವರ್ಷವೇ ಅರೆ-ಸ್ವಯಂಚಾಲಿತ .22ನ್ನೂ ರೈತರಂಥ ಕೆಲವರಿಗೆ ಮಾತ್ರ ಎಂದು ಕಟ್ಟುನಿಟ್ಟು ಮಾಡಿತು. ಬ್ರಿಟನ್ 1988ರಲ್ಲಿ ದೊಡ್ಡವನ್ನು ನಿಷೇಧಿಸಿ .22 ರಿಮ್‌ಫೈರನ್ನು ಬಿಟ್ಟಿತು. 2019ರಲ್ಲಿ ನ್ಯೂಜಿಲೆಂಡ್ ಕೂಡ ಹತ್ತು ತೋಟೆಯವರೆಗಿನ .22ಕ್ಕೆ ರಿಯಾಯಿತಿ ಕೊಟ್ಟಿತು. ಸಣ್ಣದೆಂದರೆ ನಿರಪಾಯ ಎಂದು ಮಾತ್ರ ತಿಳಿಯಬೇಡಿ. ಆ 2.6 ಗ್ರಾಂ ಸೀಸ ಶಬ್ದದ ವೇಗಕ್ಕೆ ಹತ್ತಿರದಲ್ಲಿ ಹೊರಡುತ್ತದೆ, ಒಂದು ಕಿಲೋಮೀಟರಿಗಿಂತ ದೂರ ಹೋಗಬಲ್ಲದು.

ಗುರಿಯ ವಿಷಯಕ್ಕೆ ಬಂದರೂ ಅಷ್ಟೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ರೈಫಲ್ ಸ್ಪರ್ಧೆಯೂ, 2016ರ ರಿಯೊದಲ್ಲಿ ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಭಾಗವಹಿಸಿದ 50 ಮೀಟರ್ ಪಿಸ್ತೂಲ್ ಸ್ಪರ್ಧೆಯೂ .22 ರಿಮ್‌ಫೈರಿನವೇ. ಎರಡರಲ್ಲೂ ಒಂದೊಂದೇ ತೋಟೆ ಕೈಯಿಂದ ಹಾಕಿಯೇ ಹೊಡೆಯಬೇಕು. ತಾನೇ ತುಂಬಿಕೊಳ್ಳುವ .22ಕ್ಕೆ ಒಲಿಂಪಿಕ್ಸ್‌ನಲ್ಲಿ ಜಾಗವಿರುವುದು ಪಿಸ್ತೂಲಿನಲ್ಲಿ. ವಿಜಯ್ ಕುಮಾರ್ 2012ರ ಲಂಡನ್‌ನಲ್ಲಿ ಬೆಳ್ಳಿ ಗೆದ್ದ 25 ಮೀಟರ್ ಸ್ಪರ್ಧೆಯ ಫೈನಲ್‌ನಲ್ಲಿ ನಾಲ್ಕು ಸೆಕೆಂಡಿಗೆ ಐದು ಗುಂಡು. ಬೋಲ್ಟ್ ಎಳೆಯುತ್ತ ಕೂತರೆ ಅಲ್ಲಿ ನಡೆಯುವುದಿಲ್ಲ.

ಸೋಮವಾರ ಹುಡುಗ ಬಂದ. ತರಗತಿಯ ಎದುರಿಗೇ, "ನಾನು ಹಾಳೆ ಹರಿದದ್ದು ತಪ್ಪಾಯಿತು ಕಣೋ" ಎಂದೆ. ಹಿಂದಿನ ಬೆಂಚಿನವರು ಮುಖ ಮುಖ ನೋಡಿಕೊಂಡರು. ಬೋರ್ಡಿನ ಮೇಲೆ 47, 2.6, 200 ಬರೆದು ಲೆಕ್ಕ ಮಾಡಿಸಿದೆ. 6 ಮಿಲಿಮೀಟರ್ ಬಂದಾಗ ಸ್ಕೇಲಿನಲ್ಲಿ ಅಷ್ಟನ್ನು ಎಲ್ಲರೂ ಬೆರಳಿಟ್ಟು ನೋಡಿದರು. ಆಮೇಲೆ ಹವಾಲ್ದಾರರ ಬೂಟಿನ ಕಥೆಯನ್ನೂ ಹೇಳಿದೆ. ಆಗ ಯಾರೂ ಉಸಿರೆತ್ತಲಿಲ್ಲ.

ಗಂಟೆ ಹೊಡೆದ ಮೇಲೆ ಹುಡುಗ ಮೇಜಿನ ಹತ್ತಿರ ಬಂದು ನಿಂತ. ಕೈಯಲ್ಲಿ ಅದೇ ಹಾಳೆ. ಬುಟ್ಟಿಯಿಂದ ಹೆಕ್ಕಿ ನಾಲ್ಕೂ ಚೂರನ್ನು ಟೇಪು ಹಾಕಿ ಅಂಟಿಸಿದ್ದ. ಸ್ಪ್ರಿಂಗಿನ ಹತ್ತಿರ ಅವರಪ್ಪ ಕೆಂಪು ಪೆನ್ಸಿಲಿನಲ್ಲಿ ಸುತ್ತುಗಳನ್ನು ತಿದ್ದಿದ್ದರು.

"ಸಾರ್, ಒಂದು ಡೌಟು. ಮದ್ದು ಸುಟ್ಟು ಬಂದ ಹೊಗೆಗೂ ತೂಕ ಇರುತ್ತಲ್ಲ? ಅದೂ ಗುಂಡಿನ ಹಿಂದೆ ಮುಂದಕ್ಕೆ ಹೋಗುತ್ತೆ. ಅದನ್ನ ನೀವು ಲೆಕ್ಕಕ್ಕೆ ಹಿಡೀಲೇ ಇಲ್ಲ."

ನಾನು ಬೋರ್ಡಿನ ಕಡೆ ನೋಡಿದೆ, ಹುಡುಗನ ಕಡೆ ನೋಡಿದೆ.

"ಹೌದು ಕಣೋ, ಹಿಡಿದಿಲ್ಲ. ಎಷ್ಟು ವ್ಯತ್ಯಾಸ ಬರುತ್ತೆ ಅಂತ ನಂಗೂ ಗೊತ್ತಿಲ್ಲ. ನಾಳೆ ಇಬ್ಬರೂ ಮಾಡ್ಕೊಂಡು ಬರೋಣ" ಎಂದೆ.